ಅಂತರ್ಜಾಲ ನಿರ್ಬಂಧ, ಕಣ್ಗಾವಲು ಮತ್ತು ಖಾಸಗಿತನ: ಭಾರತದ ಅನುಭವ

ಜನ ಅಂತರ್ಜಾಲದಲ್ಲಿ ಏನನ್ನು ಓದಬಾರದು, ಏನನ್ನು ಹೇಳಬಾರದು ಎಂದು ಸರ್ಕಾರವೋ ನ್ಯಾಯಾಲಯವೋ ತೀರ್ಮಾನಿಸಿ ಅದಕ್ಕೆ ಅಡ್ಡಗಟ್ಟುವುದನ್ನು ಅಂತರ್ಜಾಲ ನಿರ್ಬಂಧ ಎನ್ನುತ್ತಾರೆ. ಯಾರು ಯಾರೊಡನೆ ಮಾತಾಡಿದರು, ಏನು ಹುಡುಕಿದರು, ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬುದನ್ನು ಅವರ ಅರಿವಿಗೆ ಬಾರದಂತೆ ಗಮನಿಸಿ ದಾಖಲಿಸುವುದು ಕಣ್ಗಾವಲು. ತನ್ನ ಮಾತು, ಓದು, ಓಡಾಟಗಳಲ್ಲಿ ಯಾವುದು ಯಾರಿಗೆ ತಿಳಿಯಬೇಕು ಎಂಬುದನ್ನು ತಾನೇ ನಿರ್ಧರಿಸುವ ಅಧಿಕಾರ ಖಾಸಗಿತನ. ಈ ಮೂರನ್ನೂ ಒಟ್ಟಿಗೆ ನೋಡಬೇಕು. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ಗೊತ್ತಿರುವವನು ಹೇಳಬೇಕಾದ ಮಾತನ್ನು ತಾನಾಗಿಯೇ ನುಂಗಿಕೊಳ್ಳುತ್ತಾನೆ. ಅಲ್ಲಿಗೆ ತಡೆಯುವವರ ಕೆಲಸ ಮುಗಿದಂತೆಯೇ.

ಚೀನಾದಲ್ಲಿ ದೇಶದ ಗಡಿಯಲ್ಲೇ ಸೋಸುವ ವ್ಯವಸ್ಥೆಯಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಜಗತ್ತಿನ ಸಂವಹನವನ್ನು ಸಗಟಾಗಿ ಸಂಗ್ರಹಿಸುತ್ತಿದ್ದುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದರು. ಭಾರತದ ದಾರಿ ಇವೆರಡಕ್ಕಿಂತ ಬೇರೆ. ಇಲ್ಲಿ ಕಾನೂನಿದೆ, ಸಮಿತಿಗಳಿವೆ, ಹೈಕೋರ್ಟುಗಳಿವೆ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ ತೀರ್ಪೂ ಇದೆ. ಆದರೆ ತಡೆಯುವ ಆದೇಶವೂ ಕದ್ದಾಲಿಸುವ ಆದೇಶವೂ ಗುಟ್ಟಾಗಿಯೇ ಹುಟ್ಟಿ ಗುಟ್ಟಾಗಿಯೇ ಕಡತ ಸೇರುತ್ತವೆ. ತನ್ನ ಹಕ್ಕಿಗೆ ಧಕ್ಕೆಯಾಗಿದೆ ಎಂಬ ಸುದ್ದಿಯೇ ತಲುಪದಿದ್ದರೆ ನಾಗರಿಕ ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು? ಭಾರತದ ಅನುಭವದಲ್ಲಿ ಮತ್ತೆಮತ್ತೆ ಎದುರಾಗುವ ಪ್ರಶ್ನೆ ಇದು.

ತಂತಿಯಿಂದ ಜಾಲಕ್ಕೆ

ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮು ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಸಂದೇಶಗಳನ್ನು ತಡೆದು ಓದುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಸ್ವಾತಂತ್ರ್ಯದ ನಂತರವೂ ಆ ಅಧಿಕಾರ ಉಳಿಯಿತು, ಬಳಕೆಯೂ ನಿಲ್ಲಲಿಲ್ಲ. ಕನ್ನಡಿಗರಿಗೆ ಇದರ ಬಿಸಿ ತಟ್ಟಿದ್ದು 1988ರಲ್ಲಿ. ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಆರೋಪ ಎದ್ದು, ಆ ವರ್ಷದ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಕದ್ದಾಲಿಕೆಯ ವಿವಾದ ಒಬ್ಬ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಾಡಿಸಬಲ್ಲದಾಗಿದ್ದ ಕಾಲ ಅದು.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 18ರಂದು ಕದ್ದಾಲಿಕೆಗೆ ಮೊದಲ ಬಾರಿ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಆದೇಶ ಎರಡು ತಿಂಗಳಷ್ಟೇ ಊರ್ಜಿತ, ಹೇಗೆ ವಿಸ್ತರಿಸಿದರೂ ಆರು ತಿಂಗಳು ಮೀರಕೂಡದು, ಪ್ರತಿ ಆದೇಶವನ್ನೂ ಪರಿಶೀಲನಾ ಸಮಿತಿ ನೋಡಬೇಕು ಎಂದಿತು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ವಾದವನ್ನು ಮಾತ್ರ ಒಪ್ಪಲಿಲ್ಲ. ಕದ್ದಾಲಿಸಲು ಕೇಳುವವರೂ ಅಧಿಕಾರಿಗಳು, ಅನುಮತಿ ಕೊಡುವವರೂ ಅಧಿಕಾರಿಗಳು, ಸರಿಯೇ ತಪ್ಪೇ ಎಂದು ಆಮೇಲೆ ನೋಡುವವರೂ ಅಧಿಕಾರಿಗಳು. ಆ ಚೌಕಟ್ಟು ಇವತ್ತಿಗೂ ಕದಲಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಇಡೀ ದೇಶದ ಗಮನ ಸೆಳೆದ ಮೊದಲ ತಡೆ 2003ರದು. ಮೇಘಾಲಯದ ಒಂದು ಪ್ರತ್ಯೇಕತಾವಾದಿ ಸಂಘಟನೆಗೆ ಸೇರಿದ್ದೆನ್ನಲಾದ 'ಕಿನ್‌ಹುನ್' ಎಂಬ ಒಂದೇ ಒಂದು ಯಾಹೂ ಗುಂಪನ್ನು ಮುಚ್ಚಿ ಎಂದು ಸರ್ಕಾರ ಹೇಳಿತು. ಒಂದು ಗುಂಪನ್ನಷ್ಟೇ ಬೇರ್ಪಡಿಸುವ ಸಲಕರಣೆ ಅಂತರ್ಜಾಲ ಸೇವಾದಾತರ ಬಳಿ ಇರಲಿಲ್ಲ. ಯಾಹೂ ಗುಂಪುಗಳೆಲ್ಲವೂ ಮುಚ್ಚಿಹೋದವು. ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಮುಚ್ಚುವ ಈ ಚಾಳಿ ಮುಂದೆಯೂ ಬಿಡಲಿಲ್ಲ. 2006ರ ಜುಲೈನಲ್ಲಿ ಕೆಲವು ಬ್ಲಾಗುಗಳಿಗಾಗಿ ಇಡೀ ಬ್ಲಾಗ್‌ಸ್ಪಾಟ್ ಹಲವೆಡೆ ಸಿಗದಾಯಿತು. 2014ರ ಡಿಸೆಂಬರ್‌ನಲ್ಲಿ ಭಯೋತ್ಪಾದಕ ಬರಹಗಳ ಹೆಸರಿನಲ್ಲಿ 32 ತಾಣಗಳನ್ನು ತಡೆದಾಗ, ತಂತ್ರಾಂಶ ಬರೆಯುವವರ ದಿನನಿತ್ಯದ ಉಗ್ರಾಣವಾದ ಗಿಟ್‌ಹಬ್ ಕೂಡ ಅದರಲ್ಲಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಗಿಟ್‌ಹಬ್ ಮುಚ್ಚುವುದೆಂದರೆ ಬಡಗಿಯ ಕೈಯಿಂದ ಉಳಿ ಕಿತ್ತುಕೊಂಡಂತೆ.

ಯಾಹೂ ಗುಂಪುಗಳು ಮುಚ್ಚಿಹೋದ ಹೊತ್ತಿನಲ್ಲೇ ಸೈಬರ್ ಕೆಫೆಗಳ ಮೇಲೂ ಕಣ್ಣು ಬಿತ್ತು. ಕರ್ನಾಟಕ ಸರ್ಕಾರ 2004ರಲ್ಲೇ ಸೈಬರ್ ಕೆಫೆ ನಿಯಮಾವಳಿ ತಂದಿತು. ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು ವಿಳಾಸ ಬರೆದು, ಆಮೇಲೆ ಕಂಪ್ಯೂಟರ್ ಮುಂದೆ ಕೂರುವ ರೂಢಿ ಆ ಕಾಲದ ವಿದ್ಯಾರ್ಥಿಗಳಿಗೆ ನೆನಪಿದ್ದೀತು. ಕೆಫೆಗಳು ಮರೆಯಾದವು. ಆ ಪುಸ್ತಕದ ಜಾಗದಲ್ಲಿ ಈಗ ಎಲ್ಲರ ಜೇಬಿನಲ್ಲೂ ಗುರುತಿನ ಚೀಟಿ ಕೊಟ್ಟು ಪಡೆದ ಸಿಮ್ ಇದೆ.

2012: ಬೆಂಗಳೂರಿನ ರೈಲು ನಿಲ್ದಾಣ

ನಿರ್ಬಂಧದ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಅದಕ್ಕೆ ಬೆಂಗಳೂರೇ ಸಾಕ್ಷಿ. 2012ರ ಜುಲೈನಲ್ಲಿ ಅಸ್ಸಾಮಿನ ಕೋಕ್ರಝಾರ್ ಸುತ್ತ ಹಿಂಸಾಚಾರ ನಡೆಯಿತು. ಅದಕ್ಕೆ ಪ್ರತೀಕಾರವಾಗಿ ದಕ್ಷಿಣದ ನಗರಗಳಲ್ಲಿ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹರಡಿತು. ಬೇರೆ ದೇಶಗಳ ದುರಂತಗಳ ಚಿತ್ರಗಳನ್ನು ಇಲ್ಲಿಯವೆಂದು ಹಂಚಲಾಯಿತು. ಆಗಸ್ಟ್ 15ರ ಸಂಜೆಯಿಂದ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ನೆರೆದರು. ಹೋಟೆಲು, ಬ್ಯೂಟಿ ಪಾರ್ಲರು, ಕಾವಲು ಕೆಲಸಗಳಲ್ಲಿದ್ದ ಯುವಜನ ಕೆಲಸ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ರೈಲ್ವೆ ವಿಶೇಷ ಗಾಡಿಗಳನ್ನು ಓಡಿಸಬೇಕಾಯಿತು. ಸುಳ್ಳು ಸುದ್ದಿಯೊಂದು ಒಂದು ಊರಿನಿಂದ ಜನರನ್ನು ಹೇಗೆ ಖಾಲಿ ಮಾಡಿಸಬಲ್ಲದು ಎಂಬುದನ್ನು ನಗರ ಕಣ್ಣಾರೆ ಕಂಡಿತು.

ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳನ್ನು ನಿಲ್ಲಿಸಿತು. ಹದಿನೈದು ದಿನ ಒಬ್ಬರು ದಿನಕ್ಕೆ ಐದೇ ಸಂದೇಶ ಕಳಿಸಬೇಕೆಂದು ಮಿತಿ ಹಾಕಿತು. ಇದರ ತರ್ಕ ಯಾರಿಗೂ ಅರ್ಥವಾಗುವಂಥದು. ಆದರೆ ಆಗಸ್ಟ್ 18ರಿಂದ 21ರ ನಡುವೆ ಹೊರಟ ಆದೇಶಗಳಲ್ಲಿ 309 ಪುಟ, ಖಾತೆ, ಚಿತ್ರಗಳನ್ನು ತಡೆಯಲು ಹೇಳಲಾಗಿತ್ತು. ಆ ಪಟ್ಟಿ ಹೊರಬಿದ್ದಾಗ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಪ್ರಣೇಶ್ ಪ್ರಕಾಶ್ ಅದನ್ನು ಬಿಡಿಸಿ ನೋಡಿದರು. ಅದರಲ್ಲಿ ಪ್ರತಿಷ್ಠಿತ ಸುದ್ದಿಸಂಸ್ಥೆಗಳ ವರದಿಗಳಿದ್ದವು. ವಿಳಾಸವೇ ಅಲ್ಲದ ತಾಂತ್ರಿಕ ಚೂರುಗಳಿದ್ದವು. ಎಲ್ಲಕ್ಕಿಂತ ಮನಸ್ಸಿಗೆ ನಾಟುವ ಸಂಗತಿಯೆಂದರೆ, ಹಂಚಿಕೆಯಾಗುತ್ತಿದ್ದ ಚಿತ್ರಗಳು ಸುಳ್ಳೆಂದು ತೋರಿಸಿಕೊಟ್ಟ ಬರಹಗಳೂ ಅದರಲ್ಲಿದ್ದವು. ವದಂತಿಯನ್ನು ಕೊಲ್ಲಲು ಹೊರಟ ಆದೇಶ ವದಂತಿಗೆ ಮದ್ದು ಅರೆಯುತ್ತಿದ್ದವರನ್ನೂ ಸೇರಿಸಿಯೇ ಮುಚ್ಚಿತ್ತು. ಪಟ್ಟಿ ಸೋರಿಕೆಯಾಗದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂತರ್ಜಾಲ ನಿರ್ಬಂಧದ ಬಗ್ಗೆ ಭಾರತದಲ್ಲಿ ಕಲಿಯಬೇಕಾದದ್ದೆಲ್ಲ ಆ ನಾಲ್ಕು ದಿನಗಳಲ್ಲೇ ಅಡಗಿದೆ ಎಂದರೆ ಹೆಚ್ಚಾಗಲಾರದು.

69ಎ ಎಂಬ ಕಲಮು

ಮಾಹಿತಿ ತಂತ್ರಜ್ಞಾನ ಕಾಯ್ದೆಯ 2008ರ ತಿದ್ದುಪಡಿ 2009ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಅದು ತಂದ 69ಎ ಕಲಮು ತಡೆಯಾಜ್ಞೆಗಳ ಬೆನ್ನೆಲುಬು. ದೇಶದ ಸಾರ್ವಭೌಮತೆ, ರಕ್ಷಣೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವುಗಳಿಗೆ ಸಂಬಂಧಿಸಿದ ಗಂಭೀರ ಅಪರಾಧಕ್ಕೆ ಪ್ರಚೋದನೆ ತಡೆಯುವುದು, ಈ ಕಾರಣಗಳಿಗಾಗಿ ಕೇಂದ್ರ ಸರ್ಕಾರ ಯಾವುದೇ ಮಾಹಿತಿಯನ್ನು ಜನರಿಗೆ ಸಿಗದಂತೆ ಮಾಡಬಹುದು. ಆದೇಶ ಪಾಲಿಸದ ಕಂಪನಿಯವರಿಗೆ ಏಳು ವರ್ಷದವರೆಗೆ ಸೆರೆ. ಕೋರಿಕೆಯನ್ನು ಗೃಹ, ಕಾನೂನು, ವಾರ್ತಾ ಮುಂತಾದ ಸಚಿವಾಲಯಗಳ ಜಂಟಿ ಕಾರ್ಯದರ್ಶಿ ದರ್ಜೆಯವರ ಸಮಿತಿ ನೋಡುತ್ತದೆ. ತುರ್ತೆನಿಸಿದರೆ ಮೊದಲು ಮುಚ್ಚಿ, 48 ಗಂಟೆಯೊಳಗೆ ಸಮಿತಿಯ ಮುಂದೆ ತಂದರಾಯಿತು. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ಇಂಥ ತಡೆಗಳು 2014ರಲ್ಲಿ 471 ಇದ್ದವು. 2020ರಲ್ಲಿ 9,849ಕ್ಕೆ ಏರಿದ್ದವು.

2009ರ ತಡೆ ನಿಯಮಗಳ 16ನೇ ನಿಯಮ ಈ ಎಲ್ಲ ಕೋರಿಕೆ, ದೂರು, ಕ್ರಮಗಳನ್ನು ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕೆನ್ನುತ್ತದೆ. ಮಾಹಿತಿ ಹಕ್ಕಿನಡಿ ಕೇಳಿದವರಿಗೂ ಈ ನಿಯಮವನ್ನೇ ತೋರಿಸಿ ಬಾಗಿಲು ಹಾಕಲಾಗುತ್ತದೆ. ವರದಕ್ಷಿಣೆ ಪದ್ಧತಿಯನ್ನು ಗೇಲಿ ಮಾಡಲು ಪತ್ರಕರ್ತರೊಬ್ಬರು ವರನ 'ಬೆಲೆ' ಲೆಕ್ಕ ಹಾಕುವ ವಿಡಂಬನೆಯ ತಾಣವೊಂದನ್ನು ಮಾಡಿದ್ದರು. ಅದು ವರದಕ್ಷಿಣೆಗೆ ಕುಮ್ಮಕ್ಕು ಕೊಡುತ್ತದೆಂದು 2018ರಲ್ಲಿ ತಡೆಯಾಯಿತು. ಅದನ್ನು ಮಾಡಿದವರಿಗೆ ನೋಟಿಸೂ ಇಲ್ಲ, ಆದೇಶದ ಪ್ರತಿಯೂ ಇಲ್ಲ. ಪ್ರತಿ ಕೊಡಿ, ಅವರ ಮಾತು ಕೇಳಿ ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ. ನಾಲ್ಕು ವರ್ಷ ಅಲೆದ ಮೇಲೆ ಸಿಕ್ಕಿದ್ದು ತನ್ನ ಮೇಲಿನ ಆರೋಪವನ್ನು ಓದುವ ಅವಕಾಶ ಮಾತ್ರ.

ಶ್ರೇಯಾ ಸಿಂಘಲ್ ಪ್ರಕರಣದ 2015ರ ಮಾರ್ಚ್ 24ರ ತೀರ್ಪು ಇಲ್ಲಿ ಎರಡು ಮುಖದ್ದು. ಫೇಸ್‌ಬುಕ್‌ನಲ್ಲಿ ಒಂದು ಮಾತು ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ 66ಎ ಕಲಮನ್ನು ಅದು ಪೂರ್ತಿ ರದ್ದು ಮಾಡಿತು. ಆದರೆ 69ಎ ಕಲಮನ್ನು ಉಳಿಸಿತು. ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಆದ್ದರಿಂದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂಬ ನೆಲೆಯಲ್ಲಿ. ಕಣ್ಣಿಗೆ ಬೀಳದ ಆದೇಶವನ್ನು ಪ್ರಶ್ನಿಸುವುದು ಹೇಗೆ ಎಂಬುದಕ್ಕೆ ಉತ್ತರ ಬಾಕಿ ಉಳಿಯಿತು. 16ನೇ ನಿಯಮವನ್ನು ಪ್ರಶ್ನಿಸಿದ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟದ್ದು 2025ರಲ್ಲಿ. ರದ್ದಾದ 66ಎ ಅಡಿಯಲ್ಲಿ ಪೊಲೀಸರು ವರ್ಷಗಟ್ಟಲೆ ಮೊಕದ್ದಮೆ ಹೂಡುತ್ತಲೇ ಇದ್ದರೆಂದು ತಿಳಿದು 2021ರಲ್ಲಿ ಅದೇ ನ್ಯಾಯಾಲಯ ಆಘಾತ ವ್ಯಕ್ತಪಡಿಸಿತು.

ಚೀನಾ ಗಡಿಯ ಗಲ್ವಾನ್ ಘರ್ಷಣೆಯ ಬೆನ್ನಲ್ಲೇ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದ್ದೂ ಇದೇ ಕಲಮಿನ ಬಲದಿಂದ. ಜವಾರಿ ಕನ್ನಡದಲ್ಲಿ ನಕ್ಕು ನಗಿಸುತ್ತಿದ್ದ ಹಳ್ಳಿಯ ಎಷ್ಟೋ ಜನ ಕಟ್ಟಿಕೊಂಡಿದ್ದ ಪ್ರೇಕ್ಷಕ ಬಳಗ ರಾತ್ರೋರಾತ್ರಿ ಇಲ್ಲವಾಯಿತು.

ಕರ್ನಾಟಕ ಹೈಕೋರ್ಟಿನಲ್ಲಿ

ಈ ಕಾನೂನಿನ ಅತಿ ಮುಖ್ಯ ಕದನಗಳಲ್ಲಿ ಎರಡು ನಡೆದದ್ದು ಬೆಂಗಳೂರಿನಲ್ಲಿ. ಖಾತೆಗಳನ್ನೇ ಇಡಿಯಾಗಿ ಮುಚ್ಚಲು ಹೇಳುವ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ 2022ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂತು. ಒಂದು ಮಾತು ತಪ್ಪಾಗಿದ್ದರೆ ಆ ಮಾತನ್ನು ತೆಗೆಸಬಹುದು, ಮುಂದೆ ಆಡಲಿರುವ ಮಾತುಗಳನ್ನೂ ಸೇರಿಸಿ ಮನುಷ್ಯನ ಬಾಯಿಯನ್ನೇ ಕಟ್ಟಬಹುದೇ ಎಂಬುದು ಅಲ್ಲಿನ ತಿರುಳು. ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ 2023ರ ಜೂನ್ 30ರಂದು ಅರ್ಜಿಯನ್ನು ವಜಾ ಮಾಡಿ, ಆದೇಶ ಪಾಲನೆಯಲ್ಲಿ ತಡ ಮಾಡಿದ್ದಕ್ಕೆ ಕಂಪನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದರು.

ಎರಡನೆಯದು 'ಸಹಯೋಗ್' ಪೋರ್ಟಲಿನ ಪ್ರಶ್ನೆ. ಕಾಯ್ದೆಯ 79(3)(ಬಿ) ಕಲಮು ಮೂಲತಃ ಮಧ್ಯವರ್ತಿ ಕಂಪನಿಗಳ ಹೊಣೆಗಾರಿಕೆ ಕುರಿತದ್ದು. ಕಾನೂನುಬಾಹಿರ ವಿಷಯದ ಬಗ್ಗೆ ಸರ್ಕಾರ ತಿಳಿಸಿದ ಮೇಲೂ ಅದನ್ನು ತೆಗೆಯದ ಕಂಪನಿ ತನಗಿರುವ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ಇದನ್ನೇ ಆಧರಿಸಿ ಹಲವು ಇಲಾಖೆಗಳ ಮತ್ತು ರಾಜ್ಯಗಳ ಪೊಲೀಸ್ ಅಧಿಕಾರಿಗಳು ನೇರವಾಗಿ ತೆಗೆಸುವ ಸೂಚನೆ ಕಳಿಸಲು ಕೇಂದ್ರ ಗೃಹ ಸಚಿವಾಲಯ ಸಹಯೋಗ್ ಕಟ್ಟಿತು. 69ಎ ಕಲಮಿನಲ್ಲಿರುವ ಸಮಿತಿ, ಲಿಖಿತ ಕಾರಣ, ಪರಿಶೀಲನೆಗಳನ್ನು ಬಳಸಿಹೋಗುವ ಹಿತ್ತಲ ಬಾಗಿಲಿದು ಎಂಬುದು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ವಾದ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2025ರ ಸೆಪ್ಟೆಂಬರ್ 24ರಂದು ಆ ವಾದವನ್ನು ತಳ್ಳಿಹಾಕಿ, ಸಾಮಾಜಿಕ ಜಾಲತಾಣಗಳಿಗೆ ಅಂಕೆ ಬೇಕೆಂದು ತೀರ್ಪಿತ್ತರು. ಕಂಪನಿ ಮೇಲ್ಮನವಿ ಸಲ್ಲಿಸಿತು. ಕಂಪನಿಯ ಹಿತಾಸಕ್ತಿಯ ಬಗ್ಗೆ ಭ್ರಮೆ ಬೇಕಿಲ್ಲ. ಅದು ಎತ್ತಿದ ಪ್ರಶ್ನೆ ಮಾತ್ರ ಬಳಕೆದಾರರದು. ಈ ಮೊಕದ್ದಮೆಗಳಲ್ಲಿ ಕಂಪನಿಯೂ ಸರ್ಕಾರವೂ ಎದುರುಬದುರು ನಿಂತಿರುತ್ತವೆ. ಯಾರ ಬರಹ ಅಳಿಸಿಹೋಯಿತೋ ಅವರು ಕೋರ್ಟಿನ ಆವರಣದಲ್ಲೂ ಇರುವುದಿಲ್ಲ.

ಸರ್ಕಾರದ ಕೈಯಷ್ಟೇ ಉದ್ದವಾದದ್ದು ಸಿವಿಲ್ ನ್ಯಾಯಾಲಯಗಳ ಏಕಪಕ್ಷೀಯ ತಡೆಯಾಜ್ಞೆ. 2025ರ ಜುಲೈನಲ್ಲಿ ಧರ್ಮಸ್ಥಳಕ್ಕೆ ಸಂಬಂಧಿಸಿದ ಸುದ್ದಿಗಳ ವಿಷಯದಲ್ಲಿ ಬೆಂಗಳೂರಿನ ನ್ಯಾಯಾಲಯವೊಂದು 8,842 ಕೊಂಡಿಗಳನ್ನು ತೆಗೆಯುವಂತೆ ಆದೇಶಿಸಿತ್ತು. ಮಂಗಳೂರಿನ ಯೂಟ್ಯೂಬ್ ವಾಹಿನಿಯೊಂದು ಇದನ್ನು ಪ್ರಶ್ನಿಸಿದಾಗ ಹೈಕೋರ್ಟ್ ಆಗಸ್ಟ್ 1ರಂದು ಆ ಆದೇಶವನ್ನು ಬದಿಗೆ ಸರಿಸಿತು.

ತಡೆ ಹೇಗೆ ಕೆಲಸ ಮಾಡುತ್ತದೆ

ಆದೇಶ ಹೊರಟ ಮೇಲೆ ಅದನ್ನು ಜಾರಿ ಮಾಡುವವರು ಸೇವಾದಾತ ಕಂಪನಿಗಳು. ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆ ದೂರವಾಣಿಯ ಡೈರೆಕ್ಟರಿಯಿದ್ದಂತೆ. ಆ ಡೈರೆಕ್ಟರಿಯಲ್ಲಿ ತಪ್ಪು ಸಂಖ್ಯೆ ಬರೆದಿಟ್ಟರೆ ಕರೆ ಎಂದೂ ತಲುಪುವುದಿಲ್ಲ. ಇದು ಅತಿ ಅಗ್ಗದ ಉಪಾಯ. ಬೇರೆ ಡೈರೆಕ್ಟರಿ ಬಳಸುವವರಿಗೆ ಇದು ಅಡ್ಡಿಯೇ ಅಲ್ಲ. ಎರಡನೆಯ ಉಪಾಯದಲ್ಲಿ ಸೇವಾದಾತ ಹಾದಿಯಲ್ಲಿ ನಿಂತು ಹೋಗುವ ಕಾಗದಗಳನ್ನು ನೋಡುತ್ತಾನೆ. ಹಳೆಯ ಎಚ್‌ಟಿಟಿಪಿ ಸಂಪರ್ಕ ಪೋಸ್ಟ್‌ಕಾರ್ಡಿನಂತೆ, ಅಂಚೆಯಣ್ಣನೂ ಓದಬಹುದಿತ್ತು. ಈಗಿನ ಎಚ್‌ಟಿಟಿಪಿಎಸ್ ಅಂಟಿಸಿದ ಲಕೋಟೆ. ಒಳಗಿನದು ಕಾಣದು, ಆದರೆ ಮೇಲಿನ ವಿಳಾಸ ಕಾಣುತ್ತದೆ. ಸಂಪರ್ಕ ಶುರುವಾಗುವಾಗ ತಾಣದ ಹೆಸರು ಎಸ್‌ಎನ್‌ಐ ಎಂಬ ಕಡೆ ತೆರೆದೇ ಹೋಗುತ್ತದೆ. ಅದನ್ನು ಓದಿ ಸಂಪರ್ಕ ಕಡಿಯುವ ವಿಧಾನವನ್ನು ಜಿಯೋ ಬಳಸುತ್ತಿರುವುದನ್ನು ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿಯೆಂದರೆ, ಬೇರೆಬೇರೆ ಕಂಪನಿಗಳು ತಡೆಯುವ ತಾಣಗಳ ಪಟ್ಟಿ ಒಂದೇ ಅಲ್ಲ. ಒಂದೇ ಬೀದಿಯಲ್ಲಿ ಒಬ್ಬರ ಫೋನಿನಲ್ಲಿ ತೆರೆಯುವ ಪುಟ ಪಕ್ಕದ ಮನೆಯವರ ಫೋನಿನಲ್ಲಿ ತೆರೆಯದು. ತೆರೆಯದಿದ್ದಾಗ ಬಹುಪಾಲು ಜನ ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಪೂರ್ತಿ ಕಡಿತ

ಎಲ್ಲಕ್ಕಿಂತ ಒರಟಾದ ನಿರ್ಬಂಧ ಇಡೀ ಪ್ರದೇಶದ ಅಂತರ್ಜಾಲವನ್ನೇ ನಿಲ್ಲಿಸುವುದು. ಹಿಂದೆ ಇದಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮನ್ನು ಬಳಸುತ್ತಿದ್ದರು. 2017ರಲ್ಲಿ ಪ್ರತ್ಯೇಕ ನಿಯಮ ಬಂತು. ಜಮ್ಮು ಮತ್ತು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಕಡಿದ ಸಂಪರ್ಕದಲ್ಲಿ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ನಡುವೆ ಕೋವಿಡ್ ಬಂದುಹೋಯಿತು. ಆನ್‌ಲೈನ್ ಪಾಠ ಕೇಳಬೇಕಿದ್ದ ಮಕ್ಕಳು, ಚಿಕಿತ್ಸೆಯ ಮಾರ್ಗಸೂಚಿ ಇಳಿಸಿಕೊಳ್ಳಬೇಕಿದ್ದ ವೈದ್ಯರು 2ಜಿ ವೇಗದಲ್ಲಿ ಕಾದರು. ಮಣಿಪುರದಲ್ಲಿ 2023ರ ಮೇ ತಿಂಗಳಲ್ಲಿ ನಿಂತ ಮೊಬೈಲ್ ಅಂತರ್ಜಾಲ ಬಹುಪಾಲು 200 ದಿನಕ್ಕೂ ಹೆಚ್ಚು ಕಾಲ ನಿಂತೇ ಇತ್ತು. ಅಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಘೋರ ದೌರ್ಜನ್ಯದ ವಿಡಿಯೊ ದೇಶದ ಕಣ್ಣಿಗೆ ಬೀಳಲು ಎರಡು ತಿಂಗಳಿಗಿಂತ ಹೆಚ್ಚು ಬೇಕಾಯಿತು. ವದಂತಿ ತಡೆಯುವ ಕಡಿತ ಸಾಕ್ಷ್ಯವನ್ನೂ ತಡೆಯುತ್ತದೆ. ರಾಜಸ್ಥಾನದಲ್ಲಿ 2021ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಕಲು ತಡೆಯಲೆಂದು ಜಿಲ್ಲೆಗಟ್ಟಲೆ ಅಂತರ್ಜಾಲ ನಿಲ್ಲಿಸಿದರು. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದೆಂದರೆ ಇದೇ.

ಕಾಶ್ಮೀರದ ಕಡಿತವನ್ನು ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಕಾಲದ ಕಡಿತ ಸಲ್ಲದು, ಆದೇಶಗಳನ್ನು ಪ್ರಕಟಿಸಬೇಕು ಎಂದಿತು. ಪ್ರಕಟಣೆ ಇಂದಿಗೂ ಎಲ್ಲೆಡೆ ಆಗುತ್ತಿಲ್ಲ. ಆ್ಯಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಭಾರತದಲ್ಲಿ 84 ಕಡಿತಗಳಾದವು. ಅದಕ್ಕಿಂತ ಹೆಚ್ಚು ಕಂಡ ಒಂದೇ ದೇಶ ಸೇನಾ ಆಡಳಿತದ ಮ್ಯಾನ್ಮಾರ್.

ಕದ್ದಾಲಿಕೆಯ ಹೊಸ ರೂಪ

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು ಯಾವುದೇ ಕಂಪ್ಯೂಟರಿನ ಮಾಹಿತಿಯನ್ನು ತಡೆದು ಓದಲು, ಗೂಢಲಿಪಿಯನ್ನು ಬಿಡಿಸಿಕೊಡಿ ಎಂದು ಒತ್ತಾಯಿಸಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. 2018ರ ಡಿಸೆಂಬರ್ 20ರ ಆದೇಶದಲ್ಲಿ ಗೃಹ ಸಚಿವಾಲಯ ಹತ್ತು ಸಂಸ್ಥೆಗಳಿಗೆ ಈ ಅಧಿಕಾರ ಇರುವುದನ್ನು ಹೆಸರಿಸಿ ಸಾರಿತು. ಕಂಪನಿಗಳ ನೆರವು ಕೇಳದೆಯೇ ಕರೆಗಳನ್ನು ತಡೆಯಬಲ್ಲ ಕೇಂದ್ರೀಯ ನಿಗಾ ವ್ಯವಸ್ಥೆ ಇದೆ. ಹಲವು ದತ್ತಾಂಶಗಳನ್ನು ಬೆಸೆಯುವ ನ್ಯಾಟ್‌ಗ್ರಿಡ್ ಇದೆ. ಅಂತರ್ಜಾಲದ ಹರಿವಿನಲ್ಲಿ ಪದಗಳನ್ನು ಹುಡುಕುವ 'ನೇತ್ರ' ತಂತ್ರಾಂಶವನ್ನು ರೂಪಿಸಿದ್ದು ಬೆಂಗಳೂರಿನಲ್ಲೇ ಇರುವ ಡಿಆರ್‌ಡಿಒ ಪ್ರಯೋಗಾಲಯ.

ಪರಿಶೀಲನೆಯ ಸ್ಥಿತಿಯನ್ನು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿ ಬಿಚ್ಚಿಟ್ಟಿತು. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಕದ್ದಾಲಿಕೆ ಆದೇಶಗಳಿರುತ್ತವೆ ಎಂದು ಅದು ಹೇಳಿತು. ಒಂದು ಆದೇಶಕ್ಕೆ ಒಂದೇ ನಿಮಿಷ ಕೊಟ್ಟರೂ ದಿನದ ಎಂಟು ಗಂಟೆ ಎಡೆಬಿಡದೆ ಕೂತು 15,000 ಆದೇಶ ನೋಡಲು ಒಂದು ತಿಂಗಳು ಬೇಕು. ನಮ್ಮ ಖಾಸಗಿತನಕ್ಕಿರುವ ಏಕೈಕ ಕಾವಲುಗಾರನ ಪಾಡು ಇದು.

ಅದಕ್ಕೂ ಆಚೆಗೆ ಪೆಗಾಸಸ್. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಈ ತಂತ್ರಾಂಶ ಫೋನಿನೊಳಗೇ ಬಂದು ಕೂರುತ್ತದೆ. ಆದ್ದರಿಂದ ಸಂದೇಶ ದಾರಿಯಲ್ಲಿ ಎಷ್ಟೇ ಭದ್ರವಾಗಿದ್ದರೂ ಉಪಯೋಗವಿಲ್ಲ. ವಾಟ್ಸ್ಆ್ಯಪ್ 2019ರಲ್ಲಿ ಸುಮಾರು 1,400 ಜನರ ಮೇಲೆ ಈ ದಾಳಿ ನಡೆದಿದೆಯೆಂದು ತಿಳಿಸಿತು. 2021ರ ಜುಲೈನಲ್ಲಿ ಹಲವು ದೇಶಗಳ ಪತ್ರಿಕೆಗಳು ಸೇರಿ ಸಂಖ್ಯೆಗಳ ಪಟ್ಟಿಯೊಂದನ್ನು ಆಧರಿಸಿ ವರದಿ ಮಾಡಿದವು. 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಉರುಳಿದ ಹೊತ್ತಿನ ಕೆಲವು ರಾಜ್ಯ ನಾಯಕರಿಗೆ ಸಂಬಂಧಿಸಿದ ಸಂಖ್ಯೆಗಳೂ ಅದರಲ್ಲಿದ್ದವೆಂದು ಆ ವರದಿಗಳು ಹೇಳಿದವು. ಪಟ್ಟಿಯಲ್ಲಿ ಸಂಖ್ಯೆ ಇದ್ದಮಾತ್ರಕ್ಕೆ ಫೋನು ಸೋಂಕಿತವೆಂದು ಅರ್ಥವಲ್ಲ. ಸುಪ್ರೀಂ ಕೋರ್ಟ್, ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಯಾವುದೋ ದುಷ್ಟ ತಂತ್ರಾಂಶವಿತ್ತು, ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ, ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ತಿಳಿಯಿತು. ಸರ್ಕಾರ ಆ ತಂತ್ರಾಂಶ ಕೊಂಡಿತ್ತೇ ಇಲ್ಲವೇ ಎಂಬ ಸರಳ ಪ್ರಶ್ನೆಗೆ ಸರಳ ಉತ್ತರ ಇನ್ನೂ ಸಿಕ್ಕಿಲ್ಲ.

ಪುಟ್ಟಸ್ವಾಮಿ ತೀರ್ಪು

ಖಾಸಗಿತನ ಸಂವಿಧಾನದಲ್ಲಿ ಹೆಸರಿಸಿದ ಹಕ್ಕಲ್ಲ. 1954ರ ಎಂ.ಪಿ. ಶರ್ಮಾ, 1962ರ ಖರಕ್ ಸಿಂಗ್ ತೀರ್ಪುಗಳು ಅದನ್ನು ಒಪ್ಪಿರಲೂ ಇಲ್ಲ. ಖರಕ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರ ಭಿನ್ನ ದನಿಯಷ್ಟೇ ಉಳಿದಿತ್ತು. ಆಧಾರ್ ವಿರುದ್ಧದ ದಾವೆಯಲ್ಲಿ 2015ರಲ್ಲಿ ಕೇಂದ್ರ ಸರ್ಕಾರ ಈ ಹಳೆಯ ತೀರ್ಪುಗಳನ್ನೇ ಹಿಡಿದು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿತು. ಆ ದಾವೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಸಂಸತ್ತಿನ ಕಾನೂನಿಲ್ಲದೆ ಸರ್ಕಾರ ಜನರ ಬೆರಳಚ್ಚು ಸಂಗ್ರಹಿಸಬಹುದೇ ಎಂಬುದು ಬೆಂಗಳೂರಿನ ಆ ಹಿರಿಯರ ಪ್ರಶ್ನೆ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಅಡಗಿರುವ ಮೂಲಭೂತ ಹಕ್ಕು ಎಂದು ಸಾರಿತು. ಅದನ್ನು ಮೊಟಕುಗೊಳಿಸಲು ಕಾನೂನಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಕೊಟ್ಟಿತು. ತುರ್ತು ಪರಿಸ್ಥಿತಿಯಲ್ಲಿ ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗಲಾಗದು ಎಂದಿದ್ದ ಜಬಲ್ಪುರ ತೀರ್ಪನ್ನು ತಿರಸ್ಕರಿಸುವಾಗ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ತಮ್ಮ ತಂದೆಯೇ ಬರೆದ ಅಭಿಪ್ರಾಯವನ್ನು ತಪ್ಪೆಂದರು. ಮರುವರ್ಷ ಬಹುಮತದ ತೀರ್ಪು ಆಧಾರನ್ನು ಉಳಿಸಿತು, ಖಾಸಗಿ ಕಂಪನಿಗಳು ಅದನ್ನು ಕೇಳುವ ಅವಕಾಶಕ್ಕೆ ಕತ್ತರಿ ಹಾಕಿತು. ಬೆರಳಚ್ಚಿನ ಬಗೆಗಿನ ಆತಂಕ ಬರಿಯ ಕಲ್ಪನೆಯಲ್ಲವೆಂದು 2023ರಲ್ಲಿ ಕರ್ನಾಟಕದಲ್ಲೇ ಗೊತ್ತಾಯಿತು. ಆಸ್ತಿ ನೋಂದಣಿಯ ಕ್ರಯಪತ್ರದ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ತೆಗೆದ ದೂರುಗಳು ಬಂದವು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸುವುದೆಂತು?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ಅಂಕಿತ ಬಿತ್ತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಒಪ್ಪಿಗೆ ಕೇಳದೆ ಮಾಹಿತಿ ಬಳಸುವ ಕಂಪನಿಗಳಿಗೆ ದಂಡವಿದೆ, ಭದ್ರತೆ ವಹಿಸದೆ ಸೋರಿಕೆ ಬಿಡುವವರಿಗೆ ಅದು 250 ಕೋಟಿ ರೂಪಾಯಿವರೆಗೂ ಹೋಗುತ್ತದೆ. ಇದು ಒಳ್ಳೆಯ ಹೆಜ್ಜೆ. ಆದರೆ ಭದ್ರತೆ, ಸುವ್ಯವಸ್ಥೆಗಳ ಹೆಸರಿನಲ್ಲಿ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಹೊರಗಿಡಬಹುದು. ಜೊತೆಗೆ 44(3)ನೇ ಕಲಮು ಮಾಹಿತಿ ಹಕ್ಕು ಕಾಯ್ದೆಗೆ ಕೈಹಾಕಿ, ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅಧಿಕಾರಿಗಳಿಗೆ ವಿಶಾಲವಾದ ನೆಪ ಒದಗಿಸಿದೆ. ಪ್ರಜೆಯ ಮನೆಗೆ ಪರದೆ ಕೇಳಿದರೆ ಕಚೇರಿಯ ಕಿಟಕಿಗೆ ಪರದೆ ಬಿದ್ದಂತಾಯಿತು.

ರಕ್ಷಣೆಯ ದಾರಿಗಳು

ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನೂ ಮುಂದಿಡುತ್ತಾರೆ. ಬಚ್ಚಲಮನೆಗೆ ಚಿಲಕ ಹಾಕುವವರು ಕಳ್ಳರಲ್ಲ. ಮುಖ್ಯ ಪ್ರಶ್ನೆ ಯಾರಿಂದ ರಕ್ಷಣೆ ಬೇಕು ಎಂಬುದು. ತನಿಖಾ ಪತ್ರಕರ್ತರಿಗೆ ಸರ್ಕಾರದ ಸಂಸ್ಥೆಯಿಂದ ಬೇಕಿದ್ದೀತು. ಸಾಲದ ಆ್ಯಪ್ ಇಳಿಸಿಕೊಂಡವರಿಗೆ ತಮ್ಮ ಫೋನಿನ ಸಂಪರ್ಕ ಪಟ್ಟಿಯನ್ನು ಕದ್ದು ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಮಾನ ತೆಗೆಯುವ ವಸೂಲಿಗಾರರಿಂದ ಬೇಕು. ಇಂಥ ಆ್ಯಪ್‌ಗಳು ಸಂಪರ್ಕ ಪಟ್ಟಿ, ಚಿತ್ರಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಎಷ್ಟೋ ಹೆಣ್ಣುಮಕ್ಕಳಿಗೆ ಬೇಕಿರುವುದು ಫೋನನ್ನು ದಿನಾ ತೆರೆದು ನೋಡುವ ಮನೆಯವರಿಂದಲೇ. ಎಲ್ಲರಿಗೂ ಒಂದೇ ಔಷಧವಿಲ್ಲ.

ಸಿಗ್ನಲ್, ವಾಟ್ಸ್ಆ್ಯಪ್‌ಗಳಲ್ಲಿ ಸಂದೇಶ ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೂ ಗೂಢಲಿಪಿಯಲ್ಲಿರುತ್ತದೆ. ನಡುವಿನ ಕಂಪನಿಗೂ ಓದಲಾಗದು. ಆದರೆ ವಾಟ್ಸ್ಆ್ಯಪ್‌ನ ಬ್ಯಾಕಪ್ ಪ್ರತಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ನಾವೇ ಹಾಕಿಕೊಳ್ಳಬೇಕು. ಅಲ್ಲಿ ಯಾರು ಯಾರಿಗೆ ಎಷ್ಟು ಹೊತ್ತಿಗೆ ಕಳಿಸಿದರು ಎಂಬ ವಿವರ ಬೇರೆಯೇ ಉಳಿಯುತ್ತದೆ. ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ತಿಳಿಸಬೇಕೆನ್ನುವ 2021ರ ನಿಯಮವನ್ನು ವಾಟ್ಸ್ಆ್ಯಪ್ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ನಮ್ಮ ಸಂಪರ್ಕವನ್ನು ಬೇರೊಂದು ಕಂಪನಿಯ ಮೂಲಕ ಸಾಗಿಸುವ ವಿಪಿಎನ್ ಬಳಸಿದರೆ ನಮ್ಮ ಸೇವಾದಾತನಿಗೆ ನಾವು ಎಲ್ಲಿಗೆ ಹೋದೆವೆಂದು ಕಾಣದು, ಆದರೆ ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟಂತೆ ಅಷ್ಟೇ. ಬಳಕೆದಾರರ ವಿವರಗಳನ್ನು ಐದು ವರ್ಷ ಇಡಬೇಕೆಂದು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೇಳಿದಾಗ ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್ ಮುಂತಾದವು ಭಾರತದಲ್ಲಿದ್ದ ಸರ್ವರುಗಳನ್ನು ಕಿತ್ತುಕೊಂಡು ಹೋದವು. ಟಾರ್ ಜಾಲ ಸಂಪರ್ಕವನ್ನು ಮೂರು ಕೈ ದಾಟಿಸುತ್ತದೆ. ಯಾವ ಒಂದು ಕೈಗೂ ಹೊರಟವರು ಯಾರು, ತಲುಪಿದ್ದೆಲ್ಲಿಗೆ ಎರಡೂ ತಿಳಿಯದು. ನಿಧಾನ, ಆದರೆ ಗಟ್ಟಿ.

ದಿನಬಳಕೆಗೆ ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಸಣ್ಣ ಎಚ್ಚರಗಳು. ಫೋನಿನ ತಂತ್ರಾಂಶವನ್ನು ಆಗಾಗ ನವೀಕರಿಸುವುದು, ಖಾತೆಗಳಿಗೆ ಎರಡು ಹಂತದ ದೃಢೀಕರಣ, ಟಾರ್ಚ್ ಆ್ಯಪ್ ಸಂಪರ್ಕ ಪಟ್ಟಿ ಕೇಳಿದರೆ ಕೊಡದಿರುವುದು, ಜೆರಾಕ್ಸ್ ಅಂಗಡಿಯಲ್ಲಿ ಅಂಕಿ ಮರೆಮಾಡಿದ ಆಧಾರ್ ಪ್ರತಿ ಕೊಡುವುದು, ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಡುವುದು.

ಗುಟ್ಟಿನ ಆದೇಶಗಳಿಗೆ ಎದುರಾಗಿ ಇನ್ನೊಂದು ಕೆಲಸವೂ ನಡೆಯುತ್ತಿದೆ. ಊನಿ ಎಂಬ ಮುಕ್ತ ತಂತ್ರಾಂಶದ ಆ್ಯಪ್ ಇಳಿಸಿಕೊಂಡರೆ ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಯಾವ ತಾಣ ತಡೆಯಾಗಿದೆ, ಯಾವ ವಿಧಾನದಲ್ಲಿ ತಡೆಯಾಗಿದೆ ಎಂದು ಪರೀಕ್ಷಿಸಬಹುದು. ಫಲಿತಾಂಶ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತದೆ. ಯಾವ ಜಿಲ್ಲೆಯಲ್ಲಿ ಎಷ್ಟು ದಿನ ಅಂತರ್ಜಾಲ ನಿಂತಿತ್ತೆಂದು ಪತ್ರಿಕಾ ವರದಿಗಳಿಂದ ಹೆಕ್ಕಿ ಲೆಕ್ಕ ಇಡುವ ಕೆಲಸವನ್ನು ದೆಹಲಿಯ ಎಸ್‌ಎಫ್‌ಎಲ್‌ಸಿ ಸಂಸ್ಥೆ ವರ್ಷಗಳಿಂದ ಮಾಡುತ್ತಿದೆ. ಸರ್ಕಾರದ ಕಡತದಲ್ಲಿರುವ ಪಟ್ಟಿ ಮುಚ್ಚಿಯೇ ಇದೆ. ದೇಶದಲ್ಲಿ ಏನು ತಡೆಯಾಗಿದೆ ಎಂದು ಬಯಲಿನಲ್ಲಿ ನೋಡಲು ಸಿಗುವುದು ಸಾಮಾನ್ಯ ಜನ ತಮ್ಮ ತಮ್ಮ ಫೋನುಗಳಿಂದ ಸೇರಿಸಿದ ಈ ಪಟ್ಟಿಗಳೇ.